ಅಣ್ಣಾಸಾಹೇಬರ ವಾಮಕುಕ್ಷಿ ಮತ್ತು ನಮ್ಮ ಗಿನಿಪಿಗ್‌ಗಳು

ನಿದ್ರೆಯು ದೇವರು ಸಕಲ ಜೀವರಾಶಿಗೂ ಸಮನಾಗಿ ಹಂಚಿಕೊಟ್ಟ ಭಾಗ್ಯ; ಅದರಲ್ಲಿ ಅರಸನೆಂದೂ ಆಳೆಂದೂ ಭೇದವಿಲ್ಲ. ಹೀಗೆಂದು ನಾನು ಬಹುಕಾಲ ನಂಬಿಕೊಂಡಿದ್ದೆ. ಆಮೇಲೆ ಪುಣೆಯ ಸದಾಶಿವ ಪೇಟೆಯಲ್ಲಿ ಬಾಡಿಗೆಗೆ ಮನೆ ಹಿಡಿದೆ. ರಾತ್ರಿಯ ನಿದ್ರೆಯೇನೋ ಎಲ್ಲರದು, ಮಧ್ಯಾಹ್ನದ್ದು ಮಾತ್ರ ಮನೆಯ ಮಾಲಕರದು ಎಂಬ ತಿಳಿವಳಿಕೆ ನನಗೆ ಅಲ್ಲಿ ಉಂಟಾಯಿತು. ಉಂಡಮೇಲೆ ಎಡಮಗ್ಗುಲಾಗಿ ಕೊಂಚ ಹೊತ್ತು ಒರಗುವುದಕ್ಕೆ ವಾಮಕುಕ್ಷಿ ಎಂದು ಹೆಸರು. ನಮ್ಮ ವಿಜಾಪುರದ ಕಡೆಯೂ ಜನ ಉಂಡು ಒರಗುತ್ತಾರೆ. ಆದರೆ ಅದಕ್ಕೊಂದು ಸಂಸ್ಕೃತದ ಹೆಸರಿಟ್ಟು ಗೌರವಿಸಿದವರಲ್ಲ. ಬಿಸಿಲಿಗೆ ಸೋತು ಬಿದ್ದುಕೊಂಡಿದ್ದೆವು ಎನ್ನುತ್ತೇವೆ, ಎದ್ದಮೇಲೆ ತುಸು ನಾಚಿಕೊಳ್ಳುತ್ತೇವೆ. ಆಗಿನ ಪುಣೆಯಲ್ಲಿ ಹಾಗಿರಲಿಲ್ಲ. ಊಟದ ಹೊತ್ತಾಯಿತೆಂದರೆ ಅಂಗಡಿಗಳ ಹಲಗೆಗಳು ಒಂದೊಂದಾಗಿ ಕೂತುಬಿಡುತ್ತಿದ್ದವು. ನಮ್ಮ ಓಣಿಯ ಔಷಧದ ಅಂಗಡಿಯವನು ಕೂಡ ಬಾಗಿಲು ಹಾಕಿಕೊಂಡು, ಕಾಯಿಲೆಯವರು ಸಂಜೆಯವರೆಗೆ ತಡೆದುಕೊಂಡಿರುವಷ್ಟು ಸಭ್ಯರಾಗಿರಬೇಕೆಂದು ಅಪೇಕ್ಷಿಸುತ್ತಿದ್ದ.

ನಮ್ಮ ವಾಡೆಯ, ಎಂದರೆ ನಡುವೆ ಅಂಗಳವಿಟ್ಟು ಸುತ್ತ ಬಿಡಾರಗಳನ್ನು ಕಟ್ಟಿದ ಹಳೆಯ ಮನೆಯ, ಮಾಲಕರು ಅಣ್ಣಾಸಾಹೇಬರು. ಮರಾಠಿಯವರೇ ಆದರೂ ನೌಕರಿಯ ಬಹುಭಾಗವನ್ನು ಬಾಗಲಕೋಟೆ, ವಿಜಾಪುರಗಳ ಕಡೆ ಕಳೆದು, ಶಿರಸ್ತೇದಾರರಾಗಿ ನಿವೃತ್ತರಾದವರು. ಆದ್ದರಿಂದ ಅವರಿಗೆ ಕನ್ನಡ ಬರುತ್ತಿತ್ತು. ಆದರೆ ಅದು ಕಚೇರಿಯಲ್ಲಿ ರೈತರ ಮೇಲೆ ಪ್ರಯೋಗ ಮಾಡಿ ಕಲಿತ ಕನ್ನಡ. 'ಆರಾಮ ಇದ್ದೀರೇನು' ಎಂದು ಅವರು ಕೇಳಿದರೂ ಬಾಕಿ ಕಂದಾಯ ಕೇಳಿದ ಹಾಗೆ ಆಗುತ್ತಿತ್ತು. ಮಡದಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅಡಿಗೆಯವನೊಬ್ಬ ಹೊತ್ತಿಗೆ ಬಂದು ಬೇಯಿಸಿಟ್ಟು ಹೋಗುತ್ತಿದ್ದ. ಅಣ್ಣಾಸಾಹೇಬರು ಉಂಡು, ಬಾಯಿ ಮುಕ್ಕಳಿಸಿ, ತಮ್ಮ ಪಡಸಾಲೆಯ ಮಂಚದ ಮೇಲೆ ಕಣ್ಣು ಮುಚ್ಚಿದರೆಂದರೆ ಇಡೀ ವಾಡೆ ಬಾಯಿ ಮುಚ್ಚಬೇಕು. ಅಂಗಳದ ಬಾವಿಯ ಗಡಗಡಿಗೆ ಆ ಹೊತ್ತಿನಲ್ಲಿ ಕೆಲಸವಿಲ್ಲ. ಒರಳು, ಬೀಸುಕಲ್ಲುಗಳಿಗೆ ವಿಶ್ರಾಂತಿ. ಮಹಡಿಯ ಮೇಲಿದ್ದ ಜೋಶಿ ಮಾಸ್ತರರಿಗೆ ಹಳೆಯ ಕೆಮ್ಮು. ಅವರು ಪಾಪ, ತಲೆದಿಂಬಿಗೆ ಮುಖವಿಟ್ಟು ಕೆಮ್ಮುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಆ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲು ಕೂಡ ಸದ್ದಾಗದಂತೆ ಕಂಬದಿಂದ ಕಂಬಕ್ಕೆ ಸರಿಯುತ್ತಿತ್ತು ಎಂದು ಈಗ ನೆನೆದರೆ ಅನ್ನಿಸುತ್ತದೆ.

ಇಷ್ಟು ಕಟ್ಟುಪಾಡಿದ್ದರೂ ಆ ಮನೆ ನಮಗೆ ಬೇಕಾಗಿತ್ತು. ಮನೆಯಲ್ಲಿ ಮೂವರು: ಲಷ್ಕರಿನ ಲೆಕ್ಕಪತ್ರ ನೋಡುವ ಹಿಸೇಬು ಕಚೇರಿಯಲ್ಲಿ ಕಾರಕೂನನಾದ ನಾನು, ನನ್ನ ಹೆಂಡತಿ ಸುಂದರಾ, ಮತ್ತು ನನ್ನ ಸೋದರತ್ತೆ ಭಾಗೂ ಅತ್ಯಾ. ಅತ್ಯಾ ಸಣ್ಣ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ನಮ್ಮಲ್ಲಿಯೇ ಬೆಳಗು ಬೈಗು ಕಳೆದವಳು. ಅವಳ ಮಡಿಗೆ ನಳದ ನೀರು ಆಗದು, ಬಾವಿಯದೇ ಆಗಬೇಕು. ಬಾವಿಯಿರುವ, ನಮ್ಮ ಮಾತು ತಿಳಿಯುವ ಮಾಲಕನಿರುವ, ಸೈಕಲ್ಲಿನ ಮೇಲೆ ಕಚೇರಿಗೆ ಹೋಗಲು ಬರುವ ಮನೆ ಪುಣೆಯಲ್ಲಿ ಎರಡನೆಯದು ಇರಲಿಲ್ಲ. ನಾವು ಹುಡುಕಿ ಸೋತಿದ್ದೆವು.

ಹೀಗಿರುವಾಗ ನಮ್ಮ ಕಚೇರಿಯ ಸಾಹೇಬರು ನೌಕರಿ ಮುಗಿಸಿ ವಿಲಾಯತಿಗೆ ಹೊರಟರು. ಅವರ ಮಡದಿ ನನ್ನನ್ನು ಬಂಗಲೆಗೆ ಕರೆಸಿ, ಮರದ ಪಟ್ಟಿ ಹೊಡೆದ ಒಂದು ಗೂಡನ್ನು ತೋರಿಸಿ, ತಮ್ಮ ಮಕ್ಕಳು ಸಾಕಿದ ಈ ಇಬ್ಬರು ಅಕ್ಕತಂಗಿಯರನ್ನು ನನ್ನ ವಶಕ್ಕೆ ಕೊಡುತ್ತಿರುವುದಾಗಿ ಹೇಳಿದರು. ನಾನು ದಯಾವಂತನೆಂದು ಅವರು ಕೇಳಿದ್ದರಂತೆ. ಒಮ್ಮೆ ಶಾಯಿಯ ದೌತಿಯಲ್ಲಿ ಬಿದ್ದ ಹಲ್ಲಿಯನ್ನು ನಾನು ಎತ್ತಿ ಹೊರಗೆ ಬಿಟ್ಟದ್ದು ನಿಜ. ಅದರಿಂದ ಇಷ್ಟು ದೊಡ್ಡ ಕೀರ್ತಿ ಬರುವುದೆಂದು ತಿಳಿದಿದ್ದರೆ ಅದನ್ನು ಅಲ್ಲಿಯೇ ಬಿಡುತ್ತಿದ್ದೆ. ಸಾಹೇಬರ ಮಡದಿಗೆ ಇಲ್ಲವೆನ್ನುವ ಕಾರಕೂನ ಆ ಕಾಲದಲ್ಲಿ ಹುಟ್ಟಿರಲಿಲ್ಲ. ಗೂಡನ್ನು ಟಾಂಗಾದಲ್ಲಿಟ್ಟುಕೊಂಡು ಹೊರಟೆ. ಟಾಂಗಾದವನು ಒಳಗೆ ಇಣುಕಿ ನೋಡಿ, ಇವು ಹಾಲು ಕೊಡುತ್ತವೆಯೇ ಎಂದು ಕೇಳಿದ. ಇಲ್ಲವೆಂದೆ. ಮೊಟ್ಟೆ? ಅದೂ ಇಲ್ಲವೆಂದೆ. ಮನೆ ಕಾಯುತ್ತವೆಯೇ? ನಾನು ಗೂಡನ್ನು ನನ್ನ ಕಡೆ ಎಳೆದುಕೊಂಡೆ. ಅವನು ದಾರಿಯುದ್ದಕ್ಕೂ ನನ್ನ ಕಡೆ ಮರುಕದಿಂದ ನೋಡುತ್ತ ಬಂದ.

ಗಿನಿಪಿಗ್ಗನ್ನು ಕಾಣದವರಿಗೆ ಹೇಳಬೇಕೆಂದರೆ, ಅದು ಇಲಿಯ ಬಳಗದ್ದು, ಮೊಲದ ಮೈಕಟ್ಟಿನದು, ಮತ್ತು ಅಡಚಣೆಯಲ್ಲಿರುವ ಜಮೀನುದಾರನ ಮುಖದ್ದು. ಪುಣೆಯವರು ಆಗ ಇನ್ನೂ ಪ್ಲೇಗನ್ನು ಮರೆತಿರಲಿಲ್ಲ. ಅಟ್ಟದಿಂದ ಇಲಿ ಬಿದ್ದಿತೆಂದು ಊರಿಗೆ ಊರೇ ಗುಡಿಸಲು ಹಾಕಿಕೊಂಡು ಬಯಲಿಗೆ ಹೋದದ್ದನ್ನು ಕಂಡ ಹಿರಿಯರು ಪ್ರತಿ ಮನೆಯಲ್ಲಿಯೂ ಇದ್ದರು. ಗೂಡು ಅಂಗಳಕ್ಕೆ ಬಂದಾಗ ಜೋಶಿ ಮಾಸ್ತರರು ಮಹಡಿಯ ಮೇಲಿದ್ದುಕೊಂಡೇ ಕಾಲು ಮೇಲೆತ್ತಿಕೊಂಡರು. ಸುಂದರಾ ಬಾಗಿಲಲ್ಲಿ ನಿಂತು, "ಏನ್ರೀ, ಊರ ಮಂದಿ ಎಲ್ಲಾ ಇಲಿ ಹೊರಗ ಹಾಕ್ತಾರ, ನೀವು ಟಾಂಗಾ ಮಾಡಿ ಮನಿಗೆ ತಂದೀರಿ?" ಎಂದಳು. ಆಗ ಅತ್ಯಾ ಬಂದು, ಮಡಿಸೀರೆ ಸೋಂಕದ ಹಾಗೆ ದೂರದಿಂದ ಬಾಗಿ, ಎರಡನ್ನೂ ಹಿಂದೆ ಮುಂದೆ ಚೆನ್ನಾಗಿ ಪರೀಕ್ಷಿಸಿ ತೀರ್ಪು ಕೊಟ್ಟಳು: "ಇವಕ್ಕ ಬಾಲ ಇಲ್ಲ. ಬಾಲ ಇಲ್ಲಂದ್ರ ಇಲಿ ಅಲ್ಲ." ಆ ತೀರ್ಪಿನ ಮೇಲೆ ಯಾರೂ ಅಪೀಲು ಮಾಡಲಿಲ್ಲ.

ವಿಲಾಯತಿಯ ಹೆಣ್ಣುಗಳಾದ್ದರಿಂದ ಅತ್ಯಾ ಅವಕ್ಕೆ ದೊಡ್ಡ ಮಡ್ಡಮ್ಮ, ಸಣ್ಣ ಮಡ್ಡಮ್ಮ ಎಂದು ಹೆಸರಿಟ್ಟಳು; ಮೇಡಂ ಎಂಬುದು ಅವಳ ಬಾಯಲ್ಲಿ ಮಡ್ಡಮ್ಮ. ದೊಡ್ಡವಳು ಕಂದು ಬಿಳುಪು. ಸಣ್ಣವಳ ಮೈಮೇಲಿನ ಕೂದಲು ಅಲ್ಲಲ್ಲಿ ಸುಳಿಸುಳಿಯಾಗಿ, ಆಗತಾನೆ ಯಾರೋ ಹಾಸಿಗೆಯಿಂದ ಎಬ್ಬಿಸಿದ ಹಾಗೆ ಇತ್ತು. ವಾರದೊಳಗೆ ಗಣಪತಿಗೆ ಬರುತ್ತಿದ್ದ ಕರಕಿ ಹುಲ್ಲಿನ ಪಾಲಿನಲ್ಲಿ ಇವರದೂ ಒಂದು ಭಾಗವಾಯಿತು. ನಾನು ಸಣ್ಣವನಿದ್ದಾಗಿನಿಂದ ಅತ್ಯಾನ ಬಾಯಲ್ಲಿ ಕೇಳಿದ ಮಾತು ಅಡಿಗೆ, ಮಡಿ, ಏಕಾದಶಿ ಇಷ್ಟೇ. ಈಗ ಗೂಡಿನ ಮುಂದೆ ಕೂತು ಅವಳು ತವರಿನ ಸುದ್ದಿ, ಅತ್ತೆಮನೆಯ ಸುದ್ದಿ, ನಾನು ಹುಟ್ಟುವ ಮೊದಲೇ ಸತ್ತ ಒಂದು ಆಕಳಿನ ಸುದ್ದಿ, ಎಲ್ಲವನ್ನೂ ಹೇಳತೊಡಗಿದಳು. ಮಡ್ಡಮ್ಮಂದಿರು ಮೂಗು ಕುಣಿಸುತ್ತ ಕೇಳುತ್ತಿದ್ದರು. ನಾವು ಯಾರೂ ಅಷ್ಟು ಕೇಳಿರಲಿಲ್ಲ.

ತೊಂದರೆ ಬಂದದ್ದು ಪಲ್ಯದಿಂದ. ಊಟದ ಕೆಲಸವೆಲ್ಲ ತೀರಿದ ಮೇಲೆ ನಮ್ಮ ಹೆಣ್ಣುಮಕ್ಕಳು ಸೊಪ್ಪು ಮುಂದೆ ಹರವಿಕೊಂಡು ಸೋಸುತ್ತ ಕೂಡುವುದು ವಾಡಿಕೆ. ಮಂಡಯಿ ಮಾರುಕಟ್ಟೆಯಿಂದ ತಂದ ಮೆಂತೆಯ ಸಿವುಡು ಬಿಚ್ಚಿ, ಒಂದೊಂದೇ ಎಲೆ ಚಿವುಟಿ, ಕಡ್ಡಿ ಬೇರೆ ಮಾಡುವುದು. ವಾಡೆಯ ಕಾಯಿದೆಯಲ್ಲಿ ಇದಕ್ಕೆ ಅಡ್ಡಿಯಿರಲಿಲ್ಲ, ಏಕೆಂದರೆ ಇದರಲ್ಲಿ ಸದ್ದೇ ಇಲ್ಲ. ಸದ್ದಿಲ್ಲವೆಂಬುದು ಮನುಷ್ಯರ ಕಿವಿಯ ಅಭಿಪ್ರಾಯ. ಗೂಡಿನ ಬಳಿ ಸೋಸಲು ಕೂತ ಮೊದಲ ದಿನ ಸುಂದರಾ ಮೊದಲ ಕಡ್ಡಿ ಮುರಿದದ್ದೇ ತಡ, ಇಬ್ಬರು ಮಡ್ಡಮ್ಮಂದಿರೂ ಗೂಡಿನ ಪಟ್ಟಿಗೆ ಮುಂಗಾಲೂರಿ ನಿಂತು, ರೈಲುಗಾಡಿಯ ಗಾರ್ಡು ಊದುವಂತಹ ಸಿಳ್ಳು ಊದಿದರು. ಪುಣೆಯ ಮಧ್ಯಾಹ್ನದಲ್ಲಿ ಅಂತಹ ಸದ್ದು ಪೇಶವೆಯರ ಕಾಲದಿಂದ ಆಗಿರಲಿಕ್ಕಿಲ್ಲ. ಸಂಜೆ ನಾನು ಸೈಕಲ್ ಇಳಿಯುವಷ್ಟರಲ್ಲಿ ಕರೆ ಬಂದಿತ್ತು. ಅಣ್ಣಾಸಾಹೇಬರು ಮಂಚದ ಮೇಲೆ ನೆಟ್ಟಗೆ ಕೂತು, ತಿಂಗಳ ಕೊನೆಯೊಳಗೆ ಆ ಪ್ರಾಣಿಗಳು ಮಧ್ಯಾಹ್ನ ಮಲಗುವುದನ್ನು ಕಲಿಯಬೇಕು, ಇಲ್ಲವಾದರೆ ನಾವು ಬೇರೆ ಮನೆ ನೋಡಿಕೊಳ್ಳಬೇಕು ಎಂದು ಹುಕುಮು ಮಾಡಿದರು. ಯಾರಿಗಾದರೂ ಕೊಟ್ಟುಬಿಡೋಣವೆಂದು ಮನೆಯಲ್ಲಿ ಮಾತೆತ್ತಿದೆ. ಆ ರಾತ್ರಿ ಅತ್ಯಾ ಫಲಾಹಾರ ಮಾಡದೆ ಮಲಗಿದಳು. ನಾನು ಮತ್ತೆ ಮಾತೆತ್ತಲಿಲ್ಲ.

ಆದ್ದರಿಂದ ಗಿನಿಪಿಗ್ಗುಗಳ ನಿದ್ರೆಯನ್ನು ಕುರಿತು ಶಾಸ್ತ್ರೀಯವಾಗಿ ಅಭ್ಯಾಸ ಮಾಡುವ ಹೊಣೆ ನನ್ನ ಮೇಲೆ ಬಿತ್ತು. ಕಚೇರಿಗೆ ಜ್ವರವೆಂದು ಹೇಳಿ ರಜೆ ಪಡೆದು, ಗೂಡಿನ ಮುಂದೆ ಮಣೆ ಹಾಕಿಕೊಂಡು ಕೂತೆ. ಯಾವ ಪ್ರಾಣಿಯಾದರೂ ಒಂದೋ ಹಗಲು ಮಲಗಬೇಕು, ಇಲ್ಲವೇ ರಾತ್ರಿ ಮಲಗಬೇಕು; ಹೊತ್ತು ಗೊತ್ತಾದರೆ ಅದನ್ನು ತುಸು ಈಚೆಗೆ ಸರಿಸಿ ಅಣ್ಣಾಸಾಹೇಬರ ಹೊತ್ತಿಗೆ ಹೊಂದಿಸಬಹುದು. ಇದು ನನ್ನ ಸಿದ್ಧಾಂತ. ಈ ಸಿದ್ಧಾಂತವನ್ನು ಮಡ್ಡಮ್ಮಂದಿರಿಗೆ ಯಾರೂ ತಿಳಿಸಿರಲಿಲ್ಲ. ಅವಕ್ಕೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಚೂರು ನಿದ್ರೆ, ಚೂರು ಊಟ, ಮತ್ತೆ ಚೂರು ನಿದ್ರೆ. ನಾನು ಮೂಗಿನ ಮೇಲಿನ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಮಲಗಿ ಎದ್ದಿರುತ್ತಿದ್ದವು. ಬೆಳಗಿನ ನಸುಕಿನಲ್ಲಿ ಮತ್ತು ದೀಪ ಹಚ್ಚುವ ಹೊತ್ತಿನಲ್ಲಿ ಮಾತ್ರ ಅವಕ್ಕೆ ವಿಶೇಷ ಹುರುಪು. ಗೂಡಿನ ತುಂಬ ಓಡಾಡಿ, ಒಮ್ಮೊಮ್ಮೆ ನಿಂತ ನಿಲುವಿನಲ್ಲಿಯೇ ಅರಳು ಹುರಿಯುವಾಗ ಜೋಳ ಸಿಡಿಯುವ ಹಾಗೆ ಮೇಲಕ್ಕೆ ಚಿಮ್ಮುತ್ತಿದ್ದವು. ಕಾರಣವೇನೂ ಇಲ್ಲ. ಬಡ್ತಿ ಸಿಕ್ಕ ದಿನ ಕೂಡ ನಾನು ಹಾಗೆ ಹಾರಿದವನಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು, ಅವು ಮಲಗಿವೆಯೋ ಎಚ್ಚರವಿವೆಯೋ ಎಂದು ತಿಳಿಯುವುದು. ಅವು ಕಣ್ಣು ತೆರೆದುಕೊಂಡೇ ನಿದ್ರೆ ಮಾಡುತ್ತವೆ. ನಾನು ಮುಖ ಸನಿಹಕ್ಕೆ ಒಯ್ದು ದೊಡ್ಡವಳ ಕಣ್ಣಲ್ಲಿ ಕಣ್ಣಿಟ್ಟು ಕೂಡುತ್ತಿದ್ದೆ; ಅವಳು ನನ್ನನ್ನು ನೋಡುತ್ತಿದ್ದಾಳೋ, ನನ್ನ ಮೂಲಕ ಯಾವುದೋ ಕನಸನ್ನು ನೋಡುತ್ತಿದ್ದಾಳೋ ಗೊತ್ತಾಗುತ್ತಿರಲಿಲ್ಲ. ಅತ್ಯಾನ ಪ್ರಕಾರ ಅವು ನಿದ್ರೆಯನ್ನೇ ಗೆದ್ದ ಜೀವಗಳು. ಏಕಾದಶಿಯ ಜಾಗರಣೆಗೆ ಕೂತು ಭಜನೆಯ ಮೊದಲ ಪದಕ್ಕೇ ತೂಕಡಿಸುವ ನಮ್ಮಂಥವರು ಅವುಗಳ ಕಾಲು ಹಿಡಿಯಬೇಕು. ಸುಂದರಾಳ ಅಭಿಪ್ರಾಯ ಬೇರೆ. "ಕಣ್ಣು ತೆರಕೊಂಡು ನಿದ್ದಿ ಮಾಡೂದು ನೋಡಲಿಕ್ಕೆ ರಜಾ ಯಾಕ ಹಾಕಬೇಕಿತ್ರಿ? ನಿಮ್ಮ ಕಚೇರಿಯೊಳಗ ದಿನಾ ಅದ ನಡೀತದಲ್ಲ," ಎಂದಳು.

ಪ್ರಯೋಗಗಳನ್ನು ಎಲ್ಲ ಹೇಳಿ ಓದುವವರನ್ನು ದಣಿಸುವುದಿಲ್ಲ. ಗೂಡಿಗೆ ಕಂಬಳಿ ಹೊದಿಸಿ ಕತ್ತಲೆ ಮಾಡಿದೆ. ಸಂಜೆಯಾಯಿತೆಂದು ತಿಳಿದು ಅವು ಕುಣಿಯತೊಡಗಿದವು. ಮಧ್ಯಾಹ್ನಕ್ಕೆ ಮೊದಲು ಗಜ್ಜರಿ, ಮೂಲಂಗಿ ಎಂದು ಹೊಟ್ಟೆ ಬಿರಿಯ ತಿನ್ನಿಸಿದೆ. ನಮ್ಮವರಾದರೆ ಅದರ ಅರ್ಧಕ್ಕೇ ಮಗ್ಗುಲಾಗುತ್ತಿದ್ದರು, ಇವು ಇನ್ನೂ ಬರಬಹುದೆಂದು ಹೆಚ್ಚಿನ ಆಸೆಯಿಂದ ಸಿಳ್ಳು ಹಾಕಿದವು. ಪಲ್ಯ ಸೋಸುವುದನ್ನು ಬೆಳಗಿಗೆ ಬದಲಿಸಿದೆವು. ಆಗ ಸುಂದರಾಳ ಬಳೆಯ ಸದ್ದಿಗೆ ಕೂಗಿದವು, ಬಳೆ ಮೇಲೇರಿಸಿಕೊಂಡರೆ ಬಾಗಿಲಿನ ಸದ್ದಿಗೆ ಕೂಗಿದವು. ದಿನಗಳು ಉರುಳಿದವು. ಕೊನೆಗೆ ದಾರಿ ತೋರಿಸಿದವಳು ಸುಂದರಾ. ಅವು ಕೂಗುವುದು ತಿನ್ನಲು ಬರುತ್ತದೆಂಬ ಆಸೆಗೆ. ತಿನ್ನುತ್ತಿರುವಾಗ ಎಂದೂ ಕೂಗುವುದಿಲ್ಲ. ಆದ್ದರಿಂದ ಅಣ್ಣಾಸಾಹೇಬರು ಮಲಗಿರುವಷ್ಟು ಹೊತ್ತೂ ಅವುಗಳ ಬಾಯಿ ತೆರವಾಗದ ಹಾಗೆ ನೋಡಿಕೊಂಡರಾಯಿತು. ಟಾಂಗಾ ಅಡ್ಡೆಯಿಂದ ಒಣಹುಲ್ಲಿನ ಹೊರೆ ತರಿಸಿದೆವು. ಊಟವಾದೊಡನೆ ಅತ್ಯಾ ಗೂಡನ್ನು ಒಳಕೋಣೆಗೆ ಒಯ್ದು, ಬಾಗಿಲು ಮುಂದೆ ಮಾಡಿಕೊಂಡು, ಎಸಳೆಸಳಾಗಿ ಹುಲ್ಲು ಕೊಡುತ್ತ ಕೂತಳು. ಮಡ್ಡಮ್ಮಂದಿರು ದಸ್ತಾವೇಜು ಓದುವ ವಕೀಲರ ಗಾಂಭೀರ್ಯದಿಂದ ಅದನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮುಗಿಸುತ್ತಿದ್ದರು. ವಾಡೆಯಲ್ಲಿ ಮತ್ತೆ ಹಳೆಯ ಮೌನ ನೆಲೆಸಿತು. ಇಲ್ಲಿಗೆ ಮನೆ ಉಳಿಯಿತು, ಅತ್ಯಾನ ಸಂಗಾತಿಗಳೂ ಉಳಿದರು ಎಂದು ನಾನು ಕಚೇರಿಯಲ್ಲಿ ಎರಡು ಕಪ್ಪು ಚಹಾ ಕುಡಿದೆ.

ಕೆಲವು ದಿನಗಳ ಮೇಲೆ ಅಣ್ಣಾಸಾಹೇಬರಿಂದ ಮತ್ತೆ ಕರೆ ಬಂತು. ಶಹಭಾಸ್ ಅನ್ನಲಿಕ್ಕೆ ಕರೆದಿರಬೇಕೆಂದು ಟೊಪ್ಪಿಗೆ ಸರಿಮಾಡಿಕೊಂಡು ಹೋದೆ. ಅವರ ಕಣ್ಣು ಕೆಂಪಾಗಿದ್ದವು.

"ಯಾಕ ಒದರವಲ್ಲವು?" ಎಂದರು. "ಸತ್ತುವೇನು?"

"ಇಲ್ಲರಿ ಅಣ್ಣಾಸಾಹೇಬ. ಬಂದೋಬಸ್ತ ಮಾಡೇವಿ. ಇನ್ನ ತಮಗ ತ್ರಾಸ ಆಗೂದಿಲ್ಲ."

"ಯಾರು ಹೇಳಿದ್ರು ಬಂದೋಬಸ್ತ ಮಾಡ್ರಿ ಅಂತ?"

"ತಾವ ಹೇಳಿದ್ರಿ."

ಅವರು ಮಂಚದ ಮೇಲೆ ತುಸು ಸರಿದು ಜಾಗ ಮಾಡಿದರು. ಆಮೇಲೆ, "ವೆಂಕಟರಾವ, ಕೂಡ್ರಿ" ಎಂದರು. ಆ ಪಡಸಾಲೆಯಲ್ಲಿ ಕೂಡ್ರಿ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅರ್ಧ ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ ಅವರು ಹೇಳಿದ್ದು ಇಷ್ಟು. ಮಡದಿ ಇದ್ದಾಗ ಆಕೆಯೂ ದಿನಾ ಇದೇ ಹೊತ್ತಿಗೆ ಈ ಪಡಸಾಲೆಯಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ಸುಮ್ಮನೆ ಸೋಸುವವಳಲ್ಲ, ಕಾಯಿಪಲ್ಯದವಳು ಕೊಳೆತದ್ದು ಕೊಟ್ಟಳೆಂದು, ನೆರೆಯವರು ಹೀಗೆಂದರೆಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಇವರು ಮಲಗಿದಲ್ಲಿಂದಲೇ ಗದರಿಸುವರು. ಆಕೆ ತುಸು ಹೊತ್ತು ಸುಮ್ಮನಿದ್ದು ಮತ್ತೆ ಸುರುಮಾಡುವಳು. ಈ ಗದರಿಕೆಗೂ ಗೊಣಗಾಟಕ್ಕೂ ನಡುವೆ ಯಾವಾಗಲೋ ಇವರಿಗೆ ನಿದ್ದೆ ಹತ್ತುತ್ತಿತ್ತು. ಆಕೆ ಹೋದಮೇಲೆ ಗದರಿಸಲು ಯಾರೂ ಉಳಿಯಲಿಲ್ಲ. ಇವರು ವಾಡೆಯನ್ನೆಲ್ಲ ಗದರಿಸಿದರು. ವಾಡೆಯ ಜನ ಆಕೆಯ ಹಾಗೆ ಮತ್ತೆ ಸುರುಮಾಡದೆ ಸುಮ್ಮನಾಗಿಬಿಟ್ಟರು.

"ಕಣ್ಣು ಮುಚಿಗೊಂಡು ಬಿದ್ದಿರತಿದ್ದೆ. ನಿದ್ದಿ ಎಲ್ಲೀದು? ವಾಡಾ ಸುಮ್ಮನ ಆತಂದ್ರ ನನಗ ಹೆದರಿಕಿ ಬರತದ. ಹೇಳಲಿಕ್ಕೂ ಬರಂಗಿಲ್ಲ; ಮಂದಿ ಎಲ್ಲಾ ನನ್ನ ಸಲುವಾಗಿ ಉಸಿರು ಹಿಡಕೊಂಡು ಕೂತಾರ. ನಿಮ್ಮವು ಬಂದು ಒದರಿದ್ವು. ಭಾಳ ಸಿಟ್ಟು ಬಂತು, ಹುಕುಮು ಮಾಡಿದೆ. ಮರುದಿನ ಇನ್ನೊಮ್ಮೆ ಒದರಲಿ, ನೋಡತೀನಿ ಅಂತ ಹಾದಿ ನೋಡಕೋತ ಮಲಗಿದೆ. ಎಚ್ಚರ ಆದಾಗ ಚಹಾದ ಹೊತ್ತು ಆಗಿತ್ತು."

ಹಾಗಾದರೆ ಹುಕುಮನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತಲ್ಲ ಎಂದು ನಾನು ಬಾಯಿಬಿಟ್ಟು ಕೇಳಲಿಲ್ಲ. ಶಿರಸ್ತೇದಾರರ ಕಚೇರಿಯಿಂದ ಹೊರಬಿದ್ದ ಹುಕುಮು ಹಿಂದಕ್ಕೆ ಹೋದ ದಾಖಲೆ ಎಲ್ಲಿಯೂ ಇಲ್ಲ. ಇಷ್ಟು ವರ್ಷ ವಾಡೆಯವರೆಲ್ಲ ಸೇರಿ, ಮನೆಯಲ್ಲಿ ಇಲ್ಲದ ಒಂದು ನಿದ್ರೆಯನ್ನು ಕಾಯ್ದಿದ್ದೆವು. ಜೋಶಿ ಮಾಸ್ತರರ ಕೆಮ್ಮಿಗೆ ಎಷ್ಟು ತಲೆದಿಂಬು ಹಾಳಾಗಿದ್ದವೋ ಏನೋ. ನನ್ನ ಮಾತು ಹೇಳುವುದಾದರೆ, ತೆರೆದ ಕಣ್ಣಿನಲ್ಲಿ ನಿದ್ರಿಸುವ ಪ್ರಾಣಿಗಳನ್ನು ರಜೆ ಹಾಕಿ ಅಭ್ಯಾಸ ಮಾಡಿದವನು, ಅಂಗಳದಾಚೆ ಮುಚ್ಚಿದ ಕಣ್ಣಿನಲ್ಲಿ ಎಚ್ಚರವಿದ್ದ ಮನುಷ್ಯನನ್ನು ಒಂದು ಸಲವೂ ನೋಡಿರಲಿಲ್ಲ.

ಮರುದಿನದಿಂದ ಗೂಡು ಮಧ್ಯಾಹ್ನಕ್ಕೆ ಅಣ್ಣಾಸಾಹೇಬರ ಪಡಸಾಲೆಯ ಕಟ್ಟೆಗೆ ಹೋಗತೊಡಗಿತು. ಅತ್ಯಾ, ಸುಂದರಾ ಇಬ್ಬರೂ ಅದರ ಬದಿಗೆ ಕೂತು ಪಲ್ಯ ಸೋಸುವರು. ಕಡ್ಡಿ ಮುರಿದೊಡನೆ ಮಡ್ಡಮ್ಮಂದಿರ ಸಿಳ್ಳು, ಒಳಗಿನಿಂದ ಅಣ್ಣಾಸಾಹೇಬರ ಗದರಿಕೆ, ಕ್ಷಣ ಹೊತ್ತು ಮೌನ, ಮತ್ತೆ ಸಿಳ್ಳು. ಮೂರನೆಯ ಸಿಳ್ಳಿಗೆ ಒಳಗಿನಿಂದ ಉತ್ತರ ಬರುತ್ತಿರಲಿಲ್ಲ. ಅತ್ಯಾ ಸುಂದರಾಳ ಕಡೆ ನೋಡಿ ತಲೆಯಾಡಿಸುವಳು. ಬಾವಿಯ ಗಡಗಡಿ ಮಧ್ಯಾಹ್ನವೂ ತಿರುಗತೊಡಗಿತು. ಜೋಶಿ ಮಾಸ್ತರರು ಬಹಳ ವರ್ಷಗಳ ಮೇಲೆ ಬಾಯಿ ತೆರೆದು ಕೆಮ್ಮಿದರು. ಆ ದಿನ ಅವರ ಮುಖದಲ್ಲಿದ್ದ ಕಳೆಯನ್ನು ನಾನು ಮರೆತಿಲ್ಲ. ಅಂಗಳದ ಅರ್ಧಕ್ಕೆ ಬಿಸಿಲು, ಅರ್ಧಕ್ಕೆ ನೆರಳು, ಕಟ್ಟೆಯ ಮೇಲೆ ಹರವಿದ ಮೆಂತೆಯ ಹಸಿವಾಸನೆ, ಸತ್ತ ಆಕಳಿನ ಕತೆ ಹೇಳುತ್ತಿರುವ ಅತ್ಯಾನ ಧ್ವನಿ. ಪುಣೆ ಎಂದೊಡನೆ ಜನರಿಗೆ ಶನಿವಾರವಾಡೆಯೋ ಪರ್ವತಿಯೋ ನೆನಪಾಗಬಹುದು. ನನಗೆ ನೆನಪಾಗುವುದು ಇದು.

ಸುಖ ಹೆಚ್ಚಾದಾಗ ಮನುಷ್ಯ ಮಲಗುತ್ತಾನೆ. ಮುಂದಿನ ರವಿವಾರ ಪೂರಣದ ಹೋಳಿಗೆ ಉಂಡು, ಇನ್ನು ಯಾವ ಚಿಂತೆಯೂ ಇಲ್ಲವೆಂದು ನಾನು ನಮ್ಮ ಬಾಗಿಲಿನ ತಂಪಿನಲ್ಲಿ ಚಾಪೆ ಹಾಸಿಕೊಂಡೆ. ನಾನು ಗೊರಕೆ ಹೊಡೆಯುತ್ತೇನೆಂದು ಸುಂದರಾ ಹೇಳುವುದುಂಟು. ಅದು ನಡೆಯುವಾಗ ನಾನು ಹಾಜರಿಲ್ಲದ್ದರಿಂದ ನನಗೆ ಖಚಿತವಿಲ್ಲ. ಗಿನಿಪಿಗ್ಗಿಗೆ ಮಾತ್ರ ಅದು ಖಚಿತವಾಯಿತು. ಯಾವುದೋ ಕಾಡುಮೃಗ ಹತ್ತಿರದಲ್ಲಿ ಗುರುಗುಡುತ್ತಿದೆ ಎಂದು ತಿಳಿದು ಇಬ್ಬರೂ ಮಡ್ಡಮ್ಮಂದಿರು ಗೂಡಿನ ಮೂಲೆಯಲ್ಲಿ ಕಲ್ಲಾಗಿ ಕೂತುಬಿಟ್ಟರಂತೆ. ಮೆಂತೆ ಮುರಿದರೂ ಸಿಳ್ಳಿಲ್ಲ, ಮೂಗಿನ ಮುಂದೆ ಹಿಡಿದರೂ ಸಿಳ್ಳಿಲ್ಲ. ಕಟ್ಟೆಯ ಮೇಲೆ ಮೌನವಾಯಿತು. ಅಣ್ಣಾಸಾಹೇಬರು ಎದ್ದು ಕೂತರು.

ಸಂಜೆ ನನ್ನನ್ನು ಕರೆಸಿ, "ವೆಂಕಟರಾವ, ಅವು ನಿಮಗ ಅಂಜತಾವ" ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಕಚೇರಿಯ ತೀರ್ಮಾನ ಓದುವವರ ಸಮಾಧಾನವಿತ್ತು. ಈ ವಾಡೆಯಲ್ಲಿ ಇರಬೇಕೆಂದರೆ ನಾನು ರವಿವಾರ ಮಧ್ಯಾಹ್ನ ಮಲಗಕೂಡದು. ನಾನು ಪ್ರಯತ್ನ ಮಾಡಲಿಲ್ಲವೆಂದಲ್ಲ. ಮುಂದಿನ ರವಿವಾರ ಸೈಕಲ್ ಹತ್ತಿ ಪರ್ವತಿ ಗುಡ್ಡದ ಬುಡಕ್ಕೆ ಹೋಗಿ ಮರದ ಕೆಳಗೆ ಒರಗಿದೆ. ಅಲ್ಲಿ ಒರಗಿದ್ದ ಬೇರೆಯವರು ಎಬ್ಬಿಸಿ ಕಳಿಸಿದರು. ಅದರಾಚೆಯ ರವಿವಾರ ಮನೆಯಲ್ಲಿಯೇ ಎಚ್ಚರವಿರುತ್ತೇನೆಂದು ಗೋಡೆಗೆ ಬೆನ್ನು ಕೊಟ್ಟು ಕೂತೆ. ಕೂತಲ್ಲಿಯೇ ಮಡ್ಡಮ್ಮಂದಿರನ್ನು ಮತ್ತೆ ಹೆದರಿಸಿದೆನಂತೆ. ಇನ್ನು ಮನೆ ನೋಡುವುದೇ ಸರಿಯೆಂದು ಸುಂದರಾ ಹೇಳಿದಳು. ಗೂಡನ್ನು ಯಾವ ಟಾಂಗಾದಲ್ಲಿ ಒಯ್ಯುವುದೆಂದು ನಾನು ಲೆಕ್ಕ ಹಾಕುತ್ತಿದ್ದಾಗ ಅತ್ಯಾ ತಡೆದಳು.

"ನಿನಗ ನಿದ್ದಿ ಎಲ್ಲಿ ಬೇಕಾದ್ರೂ ಬರತದ, ವೆಂಕೂ. ಅವರಿಗೆ ಇಲ್ಲೇ ಬರಬೇಕು. ಇವು ಇಲ್ಲೇ ಇರಲಿ. ನಾ ಮಧ್ಯಾಹ್ನ ಬಂದು ಹೋಗತೀನಿ, ಮಡಿ ನೀರೂ ಇಲ್ಲಿನ ಬಾವೀದ ಒಯ್ತೀನಿ."

ತಿಂಗಳ ಕೊನೆಗೆ ನಾವು ಹತ್ತಿರದ ಶನಿವಾರ ಪೇಟೆಗೆ ಬಿಡಾರ ಬದಲಿಸಿದೆವು. ಗಿನಿಪಿಗ್ಗುಗಳು ಸದಾಶಿವ ಪೇಟೆಯಲ್ಲಿ ಉಳಿದವು.